ಹಳೆ ಸ್ವಿಚ್ ತೆಗೆದು ಹೊಸದು ಕೂರಿಸುವುದು: ಫೇಸ್‌ನಿಂದ ಅರ್ಥ್‌ವರೆಗೆ, ಹಂತ ಹಂತವಾಗಿ

ಸ್ವಿಚ್ ಬದಲಿಸಿದ ಮೇಲೆ ಹೆಚ್ಚಿನವರು ಮಾಡುವ ಪರೀಕ್ಷೆ ಒಂದೇ: ಒತ್ತಿ ನೋಡುವುದು. ಬಲ್ಬ್ ಹೊತ್ತಿಕೊಂಡಿತೋ, ಕೆಲಸ ಮುಗಿಯಿತು. ಎಡವಟ್ಟಾಗುವುದೇ ಅಲ್ಲಿ. ಫೇಸ್ (ಕರೆಂಟ್ ತರುವ ವೈರ್) ಬದಲು ನ್ಯೂಟ್ರಲ್ (ಕರೆಂಟ್ ಹಿಂತಿರುಗುವ ವೈರ್) ಸ್ವಿಚ್ ಮೂಲಕ ಹೋಗಿದ್ದರೂ ಬಲ್ಬ್ ಹೊತ್ತುತ್ತದೆ. ಅರ್ಥ್ ವೈರ್ (ಸೋರಿದ ಕರೆಂಟನ್ನು ನೆಲಕ್ಕೆ ಒಯ್ಯುವುದು) ಎಲ್ಲಿಗೂ ಸೇರದೆ ಬಾಕ್ಸಿನ ಮೂಲೆಯಲ್ಲಿ ಮುದುಡಿಕೊಂಡಿದ್ದರೂ ಹೊತ್ತುತ್ತದೆ. ಸ್ಕ್ರೂ ಅರ್ಧ ಬಿಗಿದಿದ್ದರೂ ಹೊತ್ತುತ್ತದೆ, ಕೆಲವು ತಿಂಗಳ ಮಟ್ಟಿಗೆ.

"ಆಫ್ ಮಾಡಿದರೂ ಎಲ್‌ಇಡಿ ಮಿಣಮಿಣ ಅನ್ನುತ್ತೆ", "ಬೋರ್ಡ್ ಬೆಚ್ಚಗಿರುತ್ತೆ", "ಪ್ಲೇಟಿನ ಸ್ಕ್ರೂ ತಾಗಿದರೆ ಜುಮ್ ಅನ್ನುತ್ತೆ" ಎಂದು ಓದುಗರಿಂದ ಬರುವ ದೂರುಗಳಲ್ಲಿ ಹೆಚ್ಚಿನವು ಈ ಮೂರರಲ್ಲಿ ಒಂದಕ್ಕೆ ಹೋಗಿ ನಿಲ್ಲುತ್ತವೆ. ವೈರ್ ಸಿಕ್ಕಿಸುವುದು ಹತ್ತು ನಿಮಿಷದ ಕೆಲಸ. ಅದಕ್ಕೆ ಮುಂಚಿನ ಮತ್ತು ಆಮೇಲಿನ ಹಂತಗಳನ್ನು ಹಾರಿಸುವುದರಿಂದಲೇ ಜನ ಸೋಲುತ್ತಾರೆ. ಅದಕ್ಕೇ ಇಲ್ಲಿ ಆ ಹಂತಗಳನ್ನು ಉದ್ದವಾಗಿ ಬರೆದಿದ್ದೇನೆ.

## ಕೈ ಹಾಕಬಾರದ ಸಂದರ್ಭಗಳು

ಮೊದಲು ಇದನ್ನು ಓದಿ. ಬೋರ್ಡ್ ಬಿಚ್ಚಿದಾಗ ಒಳಗೆ ಬೆಳ್ಳಿ ಬಣ್ಣದ ಮೆದು ವೈರ್ ಕಂಡರೆ ಅದು ಅಲ್ಯೂಮಿನಿಯಂ ಇರಬಹುದು. ಅದು ಬಿಗಿತಕ್ಕೆ ಹಿಸುಕಿಕೊಂಡು ಸಡಿಲವಾಗುತ್ತದೆ, ಕೆಲವು ಸಲ ಬಗ್ಗಿಸಿದರೆ ಮುರಿಯುತ್ತದೆ. ಹಾಗೆಯೇ ಮುಚ್ಚಿ, ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕರೆಸಿ. ಕರೆಂಟ್ ತೆಗೆದ ಮೇಲೆ ತುದಿ ಕೆರೆದು ನೋಡಿದಾಗ ಒಳಗೆ ಕೆಂಪಾಗಿ ಕಂಡರೆ ಅದು ತವರ ಲೇಪಿಸಿದ ತಾಮ್ರ, ಭಯವಿಲ್ಲ.

ಬಾಕ್ಸಿನೊಳಗೆ ಗೋಡೆ ಒದ್ದೆಯಾಗಿದ್ದರೆ, ವೈರಿನ ಹೊದಿಕೆ ಬಾಕ್ಸಿಗಿಂತ ಒಳಗೆ, ಪೈಪಿನವರೆಗೂ ಸುಟ್ಟು ಕರಕಲಾಗಿದ್ದರೆ, ಒಂದೇ ಬೋರ್ಡಿಗೆ ಎರಡು ಬೇರೆ ಬೇರೆ ಎಂಸಿಬಿಗಳಿಂದ (ಕರೆಂಟ್ ಮಿತಿಮೀರಿದರೆ ತಾನಾಗಿ ಬೀಳುವ ಸ್ವಿಚ್) ಕರೆಂಟ್ ಬರುತ್ತಿದ್ದರೆ ಆಗಲೂ ಅದೇ ಮಾತು. ಮೂರು ಫೇಸ್ ಇರುವ ಮನೆಯಲ್ಲಿ ಒಂದೇ ಬೋರ್ಡಿಗೆ ಎರಡು ಫೇಸ್ ಬಂದಿದ್ದರೆ ಅವುಗಳ ನಡುವೆ 230 ಅಲ್ಲ, ಸುಮಾರು 400 ವೋಲ್ಟ್ ಇರುತ್ತದೆ. ಬಚ್ಚಲುಮನೆಯ ಒಳಗಿನ ಸ್ವಿಚ್ಚೂ ಈ ಪಟ್ಟಿಗೇ ಸೇರಿದ್ದು. ಮನೆಯ ವೈರಿಂಗ್ ಕೆಲಸವನ್ನು ಲೈಸೆನ್ಸ್ ಇಲ್ಲದವರು ಮಾಡುವಂತಿಲ್ಲ ಎನ್ನುವ ನಿಯಮ ಹಲವು ಕಡೆ ಇದೆ. ನಿಮ್ಮಲ್ಲೂ ಹಾಗಿದ್ದರೆ ಈ ಬರಹವನ್ನು ಕೆಲಸಕ್ಕೆ ಬಂದವರ ಮೇಲೆ ಕಣ್ಣಿಡಲು ಬಳಸಿಕೊಳ್ಳಿ.

## ಬೇಕಾಗುವ ಸಾಮಾನು

ನಿಯಾನ್ ಟೆಸ್ಟರ್, ಮಲ್ಟಿಮೀಟರ್, ಹಿಡಿ ಮತ್ತು ಕಡ್ಡಿ ಎರಡಕ್ಕೂ ಇನ್ಸುಲೇಷನ್ ಇರುವ ಸ್ಕ್ರೂ ಡ್ರೈವರ್ (ಟರ್ಮಿನಲ್, ಅಂದರೆ ವೈರ್ ಸಿಕ್ಕಿಸುವ ಜಾಗದ ಸ್ಕ್ರೂಗೆ ಸಣ್ಣದು, ಪ್ಲೇಟಿಗೆ ದೊಡ್ಡದು), ವೈರ್ ಸ್ಟ್ರಿಪ್ಪರ್, ಕಟಿಂಗ್ ಪ್ಲೇಯರ್, ಇನ್ಸುಲೇಷನ್ ಟೇಪ್, ಗುರುತಿಗೆ ಬಿಳಿ ಟೇಪ್ ಮತ್ತು ಪೆನ್ನು, ತಲೆಗೆ ಕಟ್ಟುವ ಟಾರ್ಚ್. ಅರ್ಧ ಮೀಟರ್ ಹಸಿರು ವೈರ್, 1.5 ಚದರ ಮಿಲಿಮೀಟರಿನದು. ಅರ್ಥ್ ಪರೀಕ್ಷೆಗೆ ನಾಲ್ಕೈದು ಮೀಟರ್ ಉದ್ದದ ಯಾವುದಾದರೂ ಒಂದೆಳೆ ವೈರ್.

ಮಲ್ಟಿಮೀಟರ್ ಇಲ್ಲದೆ ಈ ಕೆಲಸ ಬೇಡ. ಟೆಸ್ಟರ್ ಒಂದನ್ನೇ ನಂಬಿದರೆ ಏನಾಗುತ್ತದೆ ಎಂದು ಮೂರನೇ ಹಂತದಲ್ಲಿ ಹೇಳುತ್ತೇನೆ.

## ಹಂತ 1: ಸರಿಯಾದ ಸ್ವಿಚ್ ತರುವುದು

ಹಳೆಯದನ್ನು ಬಿಚ್ಚುವ ಮೊದಲೇ ಎರಡು ವಿಷಯ ತಿಳಿದಿರಲಿ. ಒಂದು, ಆ ದೀಪಕ್ಕೆ ಎಷ್ಟು ಸ್ವಿಚ್ಚುಗಳಿವೆ. ಒಂದೇ ಕಡೆಯಿಂದ ಆನ್-ಆಫ್ ಆಗುವುದಾದರೆ ಒನ್-ವೇ, ಎರಡು ಟರ್ಮಿನಲ್. ಮೆಟ್ಟಿಲಿನ ಕೆಳಗೂ ಮೇಲೂ ಸ್ವಿಚ್ ಇದ್ದರೆ ಟೂ-ವೇ, ಮೂರು ಟರ್ಮಿನಲ್. ಟೂ-ವೇ ಜಾಗಕ್ಕೆ ಒನ್-ವೇ ತಂದು "ಒಂದು ವೈರ್ ಉಳಿದುಬಿಡ್ತು" ಎಂದು ಟೇಪ್ ಸುತ್ತಿ ಒಳಗೆ ತಳ್ಳುವವರಿದ್ದಾರೆ. ಆ ಉಳಿದ ವೈರಿನಲ್ಲಿ ಕರೆಂಟ್ ಇರಬಹುದು.

ಎರಡು, ಆಂಪಿಯರ್. ದೀಪ, ಫ್ಯಾನಿಗೆ 6 ಅಥವಾ 10 ಆಂಪಿಯರ್ ಸ್ವಿಚ್ ಸಾಕು. ಗೀಸರಿನಂಥದ್ದಕ್ಕೆ 16 ಅಥವಾ 20 ಆಂಪಿಯರಿನದು ಬೇಕು. ನೋಡಲು ಎಲ್ಲ ಒಂದೇ ತರ ಇರುತ್ತವೆ. ಹಿಂಬದಿಯಲ್ಲಿ ಅಚ್ಚಾಗಿರುವ ಅಂಕಿ ಓದಿಯೇ ತನ್ನಿ.

ಪ್ಲೇಟ್ ಲೋಹದ್ದಾಗಿದ್ದರೆ ಅದರ ಹಿಂದೆ ಅರ್ಥ್ ಟರ್ಮಿನಲ್ ಇರಲೇಬೇಕು. ಇಲ್ಲದ ಲೋಹದ ಪ್ಲೇಟ್ ಎಷ್ಟೇ ಚೆಂದವಿದ್ದರೂ ಅಂಗಡಿಯಲ್ಲೇ ಬಿಟ್ಟು ಬನ್ನಿ.

## ಹಂತ 2: ಕರೆಂಟ್ ತೆಗೆಯುವುದು

ಗೋಡೆಯ ಸ್ವಿಚ್ ಆಫ್ ಮಾಡಿದರೆ ಕರೆಂಟ್ ಹೋದಂತಲ್ಲ. ಸ್ವಿಚ್‌ವರೆಗೂ ಫೇಸ್ ಬಂದು ಕಾದಿರುತ್ತದೆ. ಆ ದೀಪದ ಎಂಸಿಬಿ ಇಳಿಸಬೇಕು. ಯಾವುದು ಎಂದು ಗೊತ್ತಿಲ್ಲದಿದ್ದರೆ ಮೇನ್ ಸ್ವಿಚ್ಚನ್ನೇ ಇಳಿಸಿ. ಫ್ರಿಜ್ ಅರ್ಧ ಗಂಟೆ ನಿಂತರೆ ನಷ್ಟವೇನಿಲ್ಲ.

ಮೇನ್ ಇಳಿಸಿದರೂ ಕರೆಂಟ್ ಉಳಿಯುವ ಮನೆಗಳಿವೆ. ಇನ್ವರ್ಟರ್ ಇರುವ ಮನೆಯಲ್ಲಿ ಮೇನ್ ಹೋದ ಕ್ಷಣವೇ ಇನ್ವರ್ಟರ್ ಎಚ್ಚೆತ್ತು ದೀಪದ ಲೈನುಗಳಿಗೆ ಅದೇ 230 ವೋಲ್ಟ್ ಕೊಡುತ್ತದೆ. ಸಾಮಾನ್ಯವಾಗಿ ಇನ್ವರ್ಟರಿಗೆ ಕೊಡುವುದೇ ದೀಪ, ಫ್ಯಾನ್ ಲೈನನ್ನು. ಅಂದರೆ ನೀವು ಬಿಚ್ಚಲಿರುವ ಬೋರ್ಡನ್ನೇ. ಇನ್ವರ್ಟರಿನ ಮುಂಬದಿಯ ಬಟನ್ ಒತ್ತಿ ಆಫ್ ಮಾಡಿ. ಅದರಿಂದ ಮನೆಗೆ ಹೋಗುವ ಲೈನಿಗೆ ಬೇರೆ ಎಂಸಿಬಿ ಇದ್ದರೆ ಅದನ್ನೂ ಇಳಿಸಿ. ಬ್ಯಾಟರಿ ಇರುವ ಸೋಲಾರ್, ಜನರೇಟರ್ ಇದ್ದರೂ ಹಾಗೆಯೇ.

ಇಳಿಸಿದ ಎಂಸಿಬಿಯ ಮೇಲೆ ಟೇಪ್ ಅಂಟಿಸಿ "ಕೆಲಸ ನಡೆಯುತ್ತಿದೆ" ಎಂದು ಬರೆಯಿರಿ, ಮನೆಯವರಿಗೆ ಬಾಯಲ್ಲೂ ಹೇಳಿ. "ಏನೋ ಟ್ರಿಪ್ ಆಗಿದೆ" ಎಂದು ಒಳ್ಳೆ ಮನಸ್ಸಿನಿಂದ ಮೇಲೆತ್ತುವವರು ಪ್ರತಿ ಮನೆಯಲ್ಲೂ ಒಬ್ಬರಿರುತ್ತಾರೆ.

## ಹಂತ 3: ಕರೆಂಟ್ ಇಲ್ಲ ಎಂದು ಖಾತ್ರಿ ಮಾಡಿಕೊಳ್ಳುವುದು

ನಿಯಾನ್ ಟೆಸ್ಟರ್ ಕೆಲಸ ಮಾಡುವುದು ನಿಮ್ಮ ಮೈ ಮೂಲಕ. ಫೇಸ್‌ನಿಂದ ಕಡ್ಡಿ, ಒಳಗಿನ ದೊಡ್ಡ ರೆಸಿಸ್ಟರ್, ಪುಟ್ಟ ನಿಯಾನ್ ದೀಪ, ನಿಮ್ಮ ಬೆರಳು, ನೆಲ ಎಂದು ಅತಿ ಸಣ್ಣ ಕರೆಂಟ್ ಹರಿದಾಗ ಅದು ಮಿನುಗುತ್ತದೆ. ಒಣ ಮರದ ಏಣಿಯ ಮೇಲೆ ದಪ್ಪ ರಬ್ಬರ್ ಚಪ್ಪಲಿ ಹಾಕಿ ನಿಂತರೆ ಆ ಮಿನುಗು ಮಂಕಾಗುತ್ತದೆ. ಬಿಸಿಲಲ್ಲಿ ಕಾಣುವುದೇ ಇಲ್ಲ. ಒಳಗಿನ ದೀಪ ಸತ್ತಿದ್ದರೆ ಅದು ಎಲ್ಲದಕ್ಕೂ "ಕರೆಂಟ್ ಇಲ್ಲ" ಎನ್ನುತ್ತದೆ.

ಒಮ್ಮೆ ಕಿಟಕಿ ಪಕ್ಕದ ಬೋರ್ಡಿಗೆ ಮಧ್ಯಾಹ್ನದ ಬಿಸಿಲು ನೇರವಾಗಿ ಬೀಳುತ್ತಿತ್ತು. ಟೆಸ್ಟರ್ ಇಟ್ಟೆ, ಏನೂ ಕಾಣಲಿಲ್ಲ. ಸ್ಕ್ರೂ ಸಡಿಲಿಸಿ ವೈರ್ ಎಳೆದೆ. ಅದರ ತುದಿ ಲೋಹದ ಬಾಕ್ಸಿಗೆ ತಾಗಿದ್ದೇ ತಡ, ಚಟ್ ಎಂದು ನೀಲಿ ಕಿಡಿ ಹಾರಿ ಎಂಸಿಬಿ ಬಿತ್ತು. ಬಾಕ್ಸಿನ ಅಂಚಿನಲ್ಲಿ ಸಾಸಿವೆಯಷ್ಟು ತಾಮ್ರ ಕರಗಿ ಅಂಟಿಕೊಂಡಿತ್ತು. ಬಾಕ್ಸಿಗೆ ಅರ್ಥ್ ಇತ್ತು, ಅದಕ್ಕೇ ಎಂಸಿಬಿ ಬಿತ್ತು. ಇಲ್ಲದಿದ್ದರೆ ಬಾಕ್ಸ್ ಸುಮ್ಮನೆ ಫೇಸ್ ಹಿಡಿದು ಕೂತಿರುತ್ತಿತ್ತು, ನನ್ನ ಎಡಗೈ ಅದರ ಮೇಲೇ ಇತ್ತು.

ಈಗ ನಾನು ಪಾಲಿಸುವ ಕ್ರಮ ಇದು. ಮೊದಲು ಕರೆಂಟ್ ಇದೆಯೆಂದು ಖಚಿತವಾಗಿ ಗೊತ್ತಿರುವ ಜಾಗದಲ್ಲಿ ಮೀಟರ್ ಇಟ್ಟು ನೋಡಿ. ಆಮೇಲೆ ಬಿಚ್ಚಬೇಕಾದ ಬೋರ್ಡಿನಲ್ಲಿ ನೋಡಿ. ಆಮೇಲೆ ಮತ್ತೆ ಗೊತ್ತಿರುವ ಜಾಗದಲ್ಲಿ. ನಡುವಿನ ಪರೀಕ್ಷೆಯಲ್ಲಿ ಸೊನ್ನೆ ಬಂದು, ಹಿಂದೆ ಮುಂದೆ 230ರ ಆಸುಪಾಸು ಬಂದರೆ ಮಾತ್ರ ಆ ಸೊನ್ನೆಯನ್ನು ನಂಬಿ. ಮೇನ್ ಇಳಿಸಿದಾಗ ಮನೆಯಲ್ಲಿ ಕರೆಂಟ್ ಇರುವ ಜಾಗವೇ ಸಿಗುವುದಿಲ್ಲವಲ್ಲ. ಅದಕ್ಕೇ ಸಾಧ್ಯವಿದ್ದರೆ ಆ ಲೈನಿನ ಎಂಸಿಬಿ ಮಾತ್ರ ಇಳಿಸುವುದು ಅನುಕೂಲ.

ಮೀಟರನ್ನು ಎಸಿ ವೋಲ್ಟೇಜಿನ ದೊಡ್ಡ ರೇಂಜಿನಲ್ಲಿಡಿ, 600 ಅಥವಾ 750. ಕೆಂಪು ವೈರಿನ ಪಿನ್ "ಆಂಪಿಯರ್" ತೂತಿನಲ್ಲಿ ಇಲ್ಲ ಎಂದು ನೋಡಿಕೊಳ್ಳಿ. ಅದರಲ್ಲಿಟ್ಟು ಫೇಸ್ ಮುಟ್ಟಿದರೆ ಮೀಟರೇ ಶಾರ್ಟ್ ಆಗುತ್ತದೆ. ನಾಲ್ಕನೇ ಹಂತದಂತೆ ಬೋರ್ಡನ್ನು ಮುಂದಕ್ಕೆ ಎಳೆದು, ಯಾವ ವೈರನ್ನೂ ಮುಟ್ಟುವ ಮೊದಲು, ಪ್ರತಿ ಟರ್ಮಿನಲ್ಲಿಗೂ ಅರ್ಥ್‌ಗೂ ನಡುವೆ, ನ್ಯೂಟ್ರಲ್ ಇದ್ದರೆ ಅದಕ್ಕೂ ನಡುವೆ, ಎರಡೂ ಅಳೆಯಿರಿ. ಸ್ವಿಚ್ ಆನ್ ಇಟ್ಟು ಒಮ್ಮೆ, ಆಫ್ ಇಟ್ಟು ಒಮ್ಮೆ.

## ಹಂತ 4: ಬಿಚ್ಚಿ, ನೋಡಿ, ಗುರುತು ಹಾಕಿ

ಪ್ಲೇಟಿನ ಸ್ಕ್ರೂ ತೆಗೆದು ಬೋರ್ಡನ್ನು ಮೆಲ್ಲಗೆ ಮುಂದಕ್ಕೆ ಎಳೆಯಿರಿ. ಯಾವ ವೈರನ್ನೂ ಇನ್ನೂ ಬಿಚ್ಚಬೇಡಿ. ನೇರವಾಗಿ, ಎಡದಿಂದ, ಬಲದಿಂದ ಮೂರು ಫೋಟೊ ತೆಗೆಯಿರಿ. ನಂತರ ಪ್ರತಿ ವೈರಿಗೂ ಬಿಳಿ ಟೇಪಿನ ತುಂಡು ಸುತ್ತಿ ಸಂಖ್ಯೆ ಬರೆಯಿರಿ: ಮೊದಲ ಸ್ವಿಚ್ ಮೇಲಿನದು, ಮೊದಲ ಸ್ವಿಚ್ ಕೆಳಗಿನದು, ಹೀಗೆ.

ಫೋಟೊ ಇದ್ದರೆ ಟೇಪ್ ಯಾಕೆ ಅನ್ನಬಹುದು. ನಾಲ್ಕು ಕೆಂಪು ವೈರುಗಳನ್ನು ಬಿಚ್ಚಿದ ಮೇಲೆ ಫೋಟೊದಲ್ಲಿ ಕಾಣುವ ಕೆಂಪು ಯಾವುದು, ಕೈಯಲ್ಲಿರುವ ಕೆಂಪು ಯಾವುದು? ಬಿಚ್ಚಿದ ವೈರ್ ತನ್ನ ಜಾಗದಲ್ಲಿ ನಿಲ್ಲುವುದಿಲ್ಲ, ಪೈಪಿನ ಬಾಯಿಯತ್ತ ತಿರುಚಿಕೊಳ್ಳುತ್ತದೆ.

ಬಣ್ಣ ನಂಬಬೇಡಿ. ಹಳೆ ಪದ್ಧತಿಯಲ್ಲಿ ಕೆಂಪು ಫೇಸ್, ಕಪ್ಪು ನ್ಯೂಟ್ರಲ್, ಹಸಿರು ಅರ್ಥ್. ಅಂತರರಾಷ್ಟ್ರೀಯ ಪದ್ಧತಿಯಲ್ಲಿ ಕಂದು ಫೇಸ್, ನೀಲಿ ನ್ಯೂಟ್ರಲ್, ಹಸಿರು-ಹಳದಿ ಪಟ್ಟೆಯದು ಅರ್ಥ್. ಕೆಂಪು-ಹಳದಿ-ನೀಲಿ ಎಂದು ಮೂರು ಫೇಸ್ ಎಳೆದ ಮನೆಯಲ್ಲಿ ನೀಲಿಯೂ ಫೇಸ್. ಅಂದರೆ ಒಂದೇ ನೀಲಿ ವೈರ್ ಒಂದು ಮನೆಯಲ್ಲಿ ನ್ಯೂಟ್ರಲ್, ಇನ್ನೊಂದರಲ್ಲಿ ಫೇಸ್. ಸಾಲದ್ದಕ್ಕೆ, ಸ್ವಿಚ್‌ನಿಂದ ಬಲ್ಬಿಗೆ ಹೋಗುವ ವೈರಿಗೆ ಕೈಗೆ ಸಿಕ್ಕ ಕಪ್ಪನ್ನೇ ಎಳೆದಿರುವುದು ಬಹಳ ಕಡೆ ಇದೆ. ಸ್ವಿಚ್ ಆನ್ ಆದಾಗ ಆ ಕಪ್ಪಿನಲ್ಲಿ ಪೂರ್ತಿ ಫೇಸ್ ಇರುತ್ತದೆ. "ಕಪ್ಪು ಅಲ್ವಾ, ನ್ಯೂಟ್ರಲ್ಲೇ" ಎಂದು ಅದನ್ನು ಬೇರೆ ಕಪ್ಪು ವೈರುಗಳ ಜೊತೆ ಸೇರಿಸಿದರೆ ಸ್ವಿಚ್ ಒತ್ತಿದಾಗ ನೇರ ಶಾರ್ಟ್. ಹೊಸ ಸ್ವಿಚ್ ಹಾಕಿದ ದಿನವೇ ಎಂಸಿಬಿ ಪಟ್ ಎಂದು ಬೀಳುತ್ತಿದ್ದರೆ ಮೊದಲು ನೋಡಬೇಕಾದದ್ದು ಇದನ್ನೇ.

## ಹಂತ 5: ಹಳೆಯದನ್ನು ತೆಗೆದು ತುದಿ ಸರಿಮಾಡುವುದು

ಒಂದು ಸಲಕ್ಕೆ ಒಂದೇ ಸ್ವಿಚ್. ಹಳೆಯದರಿಂದ ಬಿಚ್ಚಿದ ವೈರನ್ನು ಆಗಲೇ ಹೊಸದಕ್ಕೆ ಹಾಕಿ, ಮುಂದಿನದಕ್ಕೆ ಹೋಗಿ. ನಾಲ್ಕನ್ನೂ ಬಿಚ್ಚಿ ನೆಲದ ಮೇಲೆ ಹರಡಿಕೊಳ್ಳುವ ಅವಸರ ಬೇಡ.

ತುದಿಯ ತಾಮ್ರ ಹೊಳೆಯುತ್ತಿದ್ದರೆ ಸರಿ. ಕಪ್ಪಾಗಿದ್ದರೆ, ಹೊದಿಕೆ ಗಟ್ಟಿಯಾಗಿ ಮುರಿಯುವಂತಿದ್ದರೆ ಅಷ್ಟನ್ನು ಕತ್ತರಿಸಿ ಹೊಸ ತುದಿ ಬಿಡಿಸಿ. ಎಷ್ಟು ಬಿಡಿಸಬೇಕು? ಸ್ವಿಚ್ಚಿನ ಬೆನ್ನ ಮೇಲೆ ಅಳತೆಯ ಗೆರೆ ಇದ್ದರೆ ಅಷ್ಟು, ಇಲ್ಲದಿದ್ದರೆ 8ರಿಂದ 10 ಮಿಲಿಮೀಟರ್. ಹೆಚ್ಚಾದರೆ ತಾಮ್ರ ಟರ್ಮಿನಲ್ ಹೊರಗೆ ಇಣುಕಿ ಪಕ್ಕದ್ದನ್ನು ಮುಟ್ಟುತ್ತದೆ. ಕಡಿಮೆಯಾದರೆ ಸ್ಕ್ರೂ ಪ್ಲಾಸ್ಟಿಕ್ಕಿನ ಮೇಲೆ ಕೂರುತ್ತದೆ. ಈ ಎರಡನೆಯ ತಪ್ಪು ಹೊರಗಿಂದ ಕಾಣುವುದಿಲ್ಲ, ಸ್ಕ್ರೂ ಬಿಗಿಯಾದ ಹಾಗೇ ಅನಿಸುತ್ತದೆ.

ಚಾಕುವಿನಿಂದ ಹೊದಿಕೆ ಕೊಯ್ಯಬೇಡಿ. ತಾಮ್ರದ ಮೇಲೆ ಉಂಗುರದಂತೆ ಗೀರು ಬಿದ್ದು, ಬಗ್ಗಿಸಿದಾಗ ಅಲ್ಲೇ ಮುರಿಯುತ್ತದೆ. ಬಹು ಎಳೆಯ ವೈರಾದರೆ ಎಳೆಗಳನ್ನು ಒಟ್ಟಿಗೆ ಹೊಸೆದು, ಟರ್ಮಿನಲ್ ದೊಡ್ಡದಿದ್ದರೆ ತುದಿಯನ್ನು ಮಡಚಿ ಜೋಡಿ ಮಾಡಿ ತೂರಿಸಿ. ಕೆಲವರು ಎಳೆಗಳು ಚದುರದಿರಲಿ ಎಂದು ಬೆಸುಗೆ ಹಾಕಿ ಗಟ್ಟಿ ಮಾಡುತ್ತಾರೆ. ಬೆಸುಗೆ ಮೆದು ಲೋಹ, ಸ್ಕ್ರೂ ಒತ್ತಡಕ್ಕೆ ದಿನ ಕಳೆದಂತೆ ಹಿಸುಕಿಕೊಂಡು ಜಾರುತ್ತದೆ, ಬಿಗಿತ ತಾನಾಗಿ ಸಡಿಲುತ್ತದೆ. ಬೇಕಿದ್ದರೆ ತುದಿಗೆ ಫೆರೂಲ್ (ಎಳೆಗಳ ಮೇಲೆ ತೊಡಿಸುವ ಪುಟ್ಟ ಲೋಹದ ಕೊಳವೆ) ಹಾಕಿ ಒತ್ತಿ.

## ಹಂತ 6: ಮೊದಲು ಅರ್ಥ್

ಎಲ್ಲರೂ ಕೊನೆಗೆ ಮಾಡುವುದನ್ನು ನೀವು ಮೊದಲು ಮಾಡಿ. ಕೊನೆಗೆ ಉಳಿಸಿಕೊಂಡರೆ ಬಾಕ್ಸಿನಲ್ಲಿ ಜಾಗ ಇರುವುದಿಲ್ಲ, ತಾಳ್ಮೆಯೂ ಇರುವುದಿಲ್ಲ.

ಪ್ಲಾಸ್ಟಿಕ್ ಸ್ವಿಚ್ಚಿಗೆ ಅರ್ಥ್ ಟರ್ಮಿನಲ್ ಇರುವುದಿಲ್ಲ. ಇಲ್ಲೇ ಗೊಂದಲ. "ಸ್ವಿಚ್ಚಿನಲ್ಲಿ ಜಾಗ ಇಲ್ಲ, ಹಾಗಾದರೆ ಹಸಿರು ವೈರ್ ಬೇಡ" ಎಂದು ಅದನ್ನು ಕತ್ತರಿಸಿಬಿಡುತ್ತಾರೆ. ಹಸಿರು ವೈರ್ ಬಂದಿರುವುದು ಸ್ವಿಚ್ಚಿಗಾಗಿ ಅಲ್ಲ. ಲೋಹದ ಬಾಕ್ಸಿಗೆ, ಲೋಹದ ಪ್ಲೇಟಿಗೆ, ಅದೇ ಬೋರ್ಡಿನ ಸಾಕೆಟ್ಟಿನ ದೊಡ್ಡ ಪಿನ್ನಿಗೆ, ಮುಂದೆ ಹೋಗಿ ಫ್ಯಾನಿನ ಮೈಗೆ, ಲೋಹದ ದೀಪದ ಮೈಗೆ. ಇಲ್ಲಿ ಕತ್ತರಿಸಿದರೆ ಮುಂದಿನ ಅಷ್ಟೂ ಕಡೆ ಅರ್ಥ್ ಹೋಯಿತು. ಬಲ್ಬ್ ಮಾತ್ರ ಎಂದಿನಂತೆ ಹೊತ್ತುತ್ತದೆ.

ಬಾಕ್ಸ್ ಲೋಹದ್ದಾಗಿದ್ದರೆ ಅದರ ಬೆನ್ನಲ್ಲಿ ಅರ್ಥ್ ಸ್ಕ್ರೂ ಇರುತ್ತದೆ. ತುಕ್ಕು, ಸುಣ್ಣ, ಪೇಂಟ್ ಕೆರೆದು ತೆಗೆದು ಬಂದ ಅರ್ಥ್ ವೈರನ್ನು ಅಲ್ಲಿಗೆ ಬಿಗಿಯಿರಿ. ಅಲ್ಲಿಂದ ಹಸಿರು ತುಂಡು ವೈರ್ ಹಾಕಿ ಲೋಹದ ಪ್ಲೇಟಿನ ಟರ್ಮಿನಲ್ಲಿಗೂ ಸಾಕೆಟ್ಟಿನ ಅರ್ಥ್ ಪಿನ್ನಿಗೂ ಕೊಡಿ. ಪ್ಲೇಟಿನ ಸ್ಕ್ರೂ ಬಾಕ್ಸಿಗೆ ತಾಗುತ್ತದಲ್ಲ, ಅದೇ ಸಾಕು ಎಂದುಕೊಳ್ಳಬೇಡಿ. ಪ್ಲೇಟ್ ಬಿಚ್ಚಿದ ಕೂಡಲೇ ಆ ಸಂಪರ್ಕ ಹೋಗುತ್ತದೆ.

ಬಾಕ್ಸ್, ಪ್ಲೇಟ್ ಎರಡೂ ಪ್ಲಾಸ್ಟಿಕ್ ಆಗಿದ್ದು ಸಾಕೆಟ್ಟೂ ಇಲ್ಲದಿದ್ದರೆ, ಬಂದ ಅರ್ಥ್ ಮತ್ತು ಮುಂದೆ ಹೋಗುವ ಅರ್ಥ್ ಎರಡನ್ನೂ ಒಂದು ಕನೆಕ್ಟರಿನಲ್ಲಿ ಸೇರಿಸಿ ಒಳಗಿಡಿ. ಹೊದಿಕೆಯಿಲ್ಲದ ಬರೀ ತಾಮ್ರ ಅರ್ಥ್ ಇದ್ದರೆ ಅದಕ್ಕೆ ಹಸಿರು ಪ್ಲಾಸ್ಟಿಕ್ ಕೊಳವೆ (ಸ್ಲೀವ್) ಹಾಕಿ, ಫೇಸ್ ಟರ್ಮಿನಲ್ಲಿಗೆ ತಾಗದಿರಲಿ.

ಅರ್ಥ್ ವೈರ್ ಬಂದೇ ಇಲ್ಲದಿದ್ದರೆ? ಅಡ್ಡದಾರಿಗಳು ಎರಡಿವೆ, ಎರಡೂ ಜೀವಕ್ಕೆ ಎರವಾಗುವಂಥವು. ಮೊದಲನೆಯದು, ನ್ಯೂಟ್ರಲ್ಲಿನಿಂದ ಅರ್ಥ್ ಟರ್ಮಿನಲ್ಲಿಗೆ ತುಂಡು ವೈರ್ ಹಾಕುವುದು. ಎಲ್ಲೋ ಹಿಂದೆ ನ್ಯೂಟ್ರಲ್ ಕಳಚಿದ ದಿನ, ಬಲ್ಬಿನ ಮೂಲಕ ಬಂದ ಫೇಸ್ ನೇರವಾಗಿ ಪ್ಲೇಟಿಗೆ, ಬಾಕ್ಸಿಗೆ ಬರುತ್ತದೆ. ಎರಡನೆಯದು, ನೀರಿನ ಪೈಪಿಗೆ ಕಟ್ಟುವುದು. ಪೈಪಿನಲ್ಲಿ ಎಲ್ಲೋ ಪ್ಲಾಸ್ಟಿಕ್ ತುಂಡು ಇದ್ದರೆ ಅದು ಅರ್ಥ್ ಆಗುವುದಿಲ್ಲ, ಬದಲಿಗೆ ಮನೆಯ ನಲ್ಲಿಗಳಿಗೆಲ್ಲ ಫೇಸ್ ಹಂಚುತ್ತದೆ. ಸರಿಯಾದ ದಾರಿ: ಡಿಸ್ಟ್ರಿಬ್ಯೂಷನ್ ಬೋರ್ಡಿನಿಂದ (ಎಂಸಿಬಿಗಳಿರುವ ಪೆಟ್ಟಿಗೆ) ಹೊಸ ಅರ್ಥ್ ವೈರ್ ಎಳೆಸಿ. ಅಲ್ಲಿಯವರೆಗೆ ಪ್ಲಾಸ್ಟಿಕ್ ಪ್ಲೇಟ್, ಪ್ಲಾಸ್ಟಿಕ್ ಸ್ಕ್ರೂ ಅಥವಾ ಮುಚ್ಚಳವಿರುವ ಸ್ಕ್ರೂ ಬಳಸಿ.

ಅರ್ಥ್ ಇದ್ದ ಮಾತ್ರಕ್ಕೆ ಎಂಸಿಬಿ ಬೀಳುತ್ತದೆ ಎಂದೂ ಅಲ್ಲ. ಲೆಕ್ಕ ಹಾಕಿ ನೋಡಿ. ಫೇಸ್ ಬಾಕ್ಸಿಗೆ ತಾಗಿದಾಗ ದಾರಿಯ ಒಟ್ಟು ಪ್ರತಿರೋಧ 5 ಓಮ್ ಇದ್ದರೆ 46 ಆಂಪಿಯರ್ ಹರಿಯುತ್ತದೆ. ಬಿ ಮಾದರಿಯ 6 ಆಂಪಿಯರ್ ಎಂಸಿಬಿ ಹೆಚ್ಚೆಂದರೆ 30 ಆಂಪಿಯರಿಗೆ ಕ್ಷಣದಲ್ಲಿ ಬೀಳಬೇಕು, ಬೀಳುತ್ತದೆ. ಬೇಸಿಗೆಯಲ್ಲಿ ಅರ್ಥ್ ಗುಂಡಿ (ಅರ್ಥ್ ವೈರ್ ಕೊನೆಗೆ ನೆಲ ಸೇರುವ ಜಾಗ) ಒಣಗಿ ಅದೇ 20 ಓಮ್ ಆದರೆ ಹರಿಯುವುದು ಬರೀ 11.5 ಆಂಪಿಯರ್. ಆಗ ಅದು ಕ್ಷಣದಲ್ಲಿ ಬೀಳುವುದಿಲ್ಲ. ಒಳಗಿನ ಪಟ್ಟಿ ಬಿಸಿಯಾಗಿ ಬಾಗುವವರೆಗೆ ಕಾಯುತ್ತದೆ, ಅಷ್ಟು ಹೊತ್ತೂ ಬಾಕ್ಸಿನ ಮೇಲೆ ಫೇಸ್ ಇರುತ್ತದೆ. ಈ ಸಂದನ್ನು ಮುಚ್ಚುವುದಕ್ಕೇ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನಾಗಿ ಬೀಳುವ ಸ್ವಿಚ್) ಬೇಕಾಗಿರುವುದು. ನಿಮ್ಮ ಮನೆಯಲ್ಲಿ ಅದು ಇಲ್ಲದಿದ್ದರೆ ಹೊಸ ಸ್ವಿಚ್‌ಗಿಂತ ಮೊದಲು ಅದನ್ನು ಹಾಕಿಸಿ ಎಂದೇ ನಾನು ಹೇಳುವುದು.

## ಹಂತ 7: ಫೇಸ್ ಮತ್ತು ದೀಪದ ವೈರ್

ಒನ್-ವೇ ಸ್ವಿಚ್ಚಿನ ಎರಡು ಟರ್ಮಿನಲ್ಲುಗಳಲ್ಲಿ ಒಂದಕ್ಕೆ ಬಂದ ಫೇಸ್, ಇನ್ನೊಂದಕ್ಕೆ ಬಲ್ಬಿಗೆ ಹೋಗುವ ವೈರ್. ನ್ಯೂಟ್ರಲ್ ಸ್ವಿಚ್ಚಿಗೆ ಬರುವಂತಿಲ್ಲ. ಇಂಡಿಕೇಟರ್ ಅಥವಾ ಸಾಕೆಟ್ ಇದ್ದರೆ ಅದಕ್ಕೆ ಮಾತ್ರ.

ಒಂದೇ ಪ್ಲೇಟಿನಲ್ಲಿ ನಾಲ್ಕು ಸ್ವಿಚ್ ಇದ್ದರೆ ಫೇಸ್ ಒಂದರಿಂದ ಇನ್ನೊಂದಕ್ಕೆ ಲೂಪ್ ಆಗಿ ಹೋಗುತ್ತದೆ. ಲೂಪ್ ಇರುವ ಟರ್ಮಿನಲ್ಲಿನಲ್ಲಿ ಎರಡು ವೈರುಗಳಿರುತ್ತವೆ. ಎರಡರ ತುದಿಯನ್ನೂ ಒಂದೇ ಉದ್ದಕ್ಕೆ ಬಿಡಿಸಿ, ಜೋಡಿಸಿ, ಒಟ್ಟಿಗೇ ತೂರಿಸಿ ಬಿಗಿಯಿರಿ. ಒಂದು ಬಿಗಿಯಾಗಿ ಇನ್ನೊಂದು ಸಡಿಲವಾಗಿರುವುದು ಇಲ್ಲೇ ಹೆಚ್ಚು. ಇದೇ ಬೋರ್ಡಿನಲ್ಲಿ 16 ಆಂಪಿಯರ್ ಸಾಕೆಟ್ ಇದ್ದರೆ ಅದಕ್ಕೆ ದೀಪದ ಸ್ವಿಚ್ಚುಗಳ 1.5 ಚದರ ಮಿಲಿಮೀಟರ್ ಲೂಪಿನಿಂದ ಫೇಸ್ ಕೊಡಬೇಡಿ. ಅದಕ್ಕೆ ಅದರದ್ದೇ ದಪ್ಪ ವೈರ್, ಅದರದ್ದೇ ಎಂಸಿಬಿ.

ಟೂ-ವೇಗೆ ಬಂದರೆ, ಮೂರು ಟರ್ಮಿನಲ್ಲುಗಳಲ್ಲಿ ಒಂದು ಕಾಮನ್. ನಡುವಿನದೇ ಕಾಮನ್ ಎಂದು ಊಹಿಸಬೇಡಿ, ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ. ಮೀಟರನ್ನು ಕಂಟಿನ್ಯುಟಿಗೆ (ದಾರಿ ಕೂಡಿದ್ದರೆ ಬೀಪ್ ಎನ್ನುವ ಸ್ಥಾನ) ಇಟ್ಟು ಬಿಡಿ ಸ್ವಿಚ್ಚನ್ನು ಪರೀಕ್ಷಿಸಿ: ಒತ್ತಿದಾಗ ಒಂದರ ಜೊತೆ, ಇನ್ನೊಂದು ಕಡೆ ಒತ್ತಿದಾಗ ಮತ್ತೊಂದರ ಜೊತೆ ಬೀಪ್ ಕೊಡುವುದೇ ಕಾಮನ್. ಹಳೆ ಸ್ವಿಚ್ಚಿನ ಕಾಮನ್‌ನಲ್ಲಿದ್ದ ವೈರ್ ಹೊಸದರ ಕಾಮನ್‌ಗೇ ಹೋಗಬೇಕು. ಉಳಿದೆರಡು ಅದಲು ಬದಲಾದರೂ ದೀಪ ನಡೆಯುತ್ತದೆ. ಕಾಮನ್ ತಪ್ಪಿದರೆ, ಕೆಳಗಿನ ಸ್ವಿಚ್ ಒಂದು ನಿರ್ದಿಷ್ಟ ಸ್ಥಿತಿಯಲ್ಲಿದ್ದಾಗ ಮಾತ್ರ ಮೇಲಿನದು ಕೆಲಸ ಮಾಡುತ್ತದೆ.

ಬಿಗಿದ ಮೇಲೆ ಪ್ರತಿ ವೈರನ್ನೂ ಹಿಡಿದು ಎಳೆಯಿರಿ. ಮೆಲ್ಲಗಲ್ಲ, ಬಂದುಬಿಡಲಿ ಎನ್ನುವ ಹಾಗೆ. ಈಗ ಬಂದರೆ ಒಳ್ಳೆಯದೇ, ಗೋಡೆಯೊಳಗೆ ಹೋದ ಮೇಲೆ ಬರಬಾರದು. ಎಳೆದ ಮೇಲೆ ಸ್ಕ್ರೂವನ್ನು ಇನ್ನೊಮ್ಮೆ ಬಿಗಿದು ನೋಡಿ, ಎಷ್ಟೋ ಸಲ ಕಾಲು ಸುತ್ತು ಹೆಚ್ಚಿಗೆ ತಿರುಗುತ್ತದೆ.

## ಹಂತ 8: ಒಳಗೆ ಮಡಚಿ ಕೂರಿಸುವುದು

ವೈರುಗಳನ್ನು ಮುಷ್ಟಿಯಲ್ಲಿ ಹಿಡಿದು ತುರುಕಬೇಡಿ. ಒಂದೊಂದನ್ನೂ ಹಿಂದಕ್ಕೆ ಬಳುಕಿಸಿ ಬಾಕ್ಸಿನ ಗೋಡೆಗುಂಟ ಮಲಗಿಸಿ. ಪ್ಲೇಟಿನ ಸ್ಕ್ರೂ ಹೋಗುವ ದಾರಿಯಲ್ಲಿ ಯಾವ ವೈರೂ ಇರಬಾರದು. ಉದ್ದದ ಸ್ಕ್ರೂ ವೈರಿನ ಹೊದಿಕೆಯನ್ನು ಚುಚ್ಚಿ ಫೇಸ್ ಹಿಡಿದುಕೊಳ್ಳುವುದು, ಆಮೇಲೆ ಪ್ಲೇಟ್ ಮುಟ್ಟಿದರೆ ಜುಮ್ ಅನ್ನುವುದು ಇಲ್ಲಿಂದಲೇ. ಆದರೆ ಸ್ಕ್ರೂ ಪೂರ್ತಿ ಹಾಕುವ ಮೊದಲು ಮುಂದಿನ ಹಂತದ ಮೊದಲೆರಡು ಪರೀಕ್ಷೆ ಮುಗಿಸಿ.

## ಹಂತ 9: ಬಲ್ಬ್ ಹೇಳದ್ದನ್ನು ಮೀಟರಿನಿಂದ ಕೇಳುವುದು

ಕರೆಂಟ್ ಇನ್ನೂ ಆಫ್ ಇರುವಾಗಲೇ ಮೊದಲ ಪರೀಕ್ಷೆ. ಮೀಟರ್ ಓಮ್‌ಗೆ ಇಡಿ. ಒಂದು ತುದಿ ಬಾಕ್ಸಿನ ಲೋಹಕ್ಕೆ, ಇನ್ನೊಂದನ್ನು ಉದ್ದ ವೈರಿನ ಮೂಲಕ ಡಿಸ್ಟ್ರಿಬ್ಯೂಷನ್ ಬೋರ್ಡಿನ ಲೋಹದ ಮೈಗೆ ಅಥವಾ ಅರ್ಥ್ ಸರಿಯಿದೆ ಎಂದು ಗೊತ್ತಿರುವ ಬೇರೆ ಸಾಕೆಟ್ಟಿನ ಅರ್ಥ್ ಪಿನ್ನಿಗೆ. ಉದ್ದ ವೈರನ್ನು ಸೇರಿಸಿಕೊಂಡು ಮೀಟರಿನ ಎರಡೂ ತುದಿಯನ್ನು ಒಂದಕ್ಕೊಂದು ಮುಟ್ಟಿಸಿದಾಗ ಬರುವ ಅಂಕಿಯನ್ನು ಕಳೆದ ಮೇಲೆ 1 ಓಮ್‌ಗಿಂತ ಕಡಿಮೆ ಇರಬೇಕು. ಅಂಕಿ ಕುಣಿಯುತ್ತಿದ್ದರೆ ಎಲ್ಲೋ ಸಡಿಲವಿದೆ.

ಎರಡನೆಯದು ಕರೆಂಟ್ ಕೊಟ್ಟು ಮಾಡುವಂಥದ್ದು. ಮಕ್ಕಳನ್ನು ದೂರ ಕಳಿಸಿ, ಪ್ಲೇಟ್ ತಾನಾಗಿ ಹೊರಗೆ ನಿಲ್ಲುವಂತೆ ಮಾಡಿ, ಆಮೇಲೆ ಎಂಸಿಬಿ ಏರಿಸಿ. ಒಂದು ಕೈ ಬೆನ್ನ ಹಿಂದೆ. ಪ್ಲೇಟನ್ನಾಗಲಿ ಬಾಕ್ಸನ್ನಾಗಲಿ ಮುಟ್ಟದೆ ಟೆಸ್ಟರಿನ ತುದಿ ಮಾತ್ರ ಟರ್ಮಿನಲ್ಲಿಗೆ ತಾಗಿಸಿ. ಹಾಗೆ ಮಾಡಲು ಧೈರ್ಯವಿಲ್ಲದಿದ್ದರೆ ಈ ಒಂದನ್ನು ಬಲ್ಲವರಿಗೆ ಬಿಡಿ.

ಸ್ವಿಚ್ ಆಫ್ ಇದ್ದಾಗ ಎರಡರಲ್ಲಿ ಒಂದೇ ಟರ್ಮಿನಲ್ ಮಿನುಗುತ್ತದೆ. ಇದರಿಂದ ಏನೂ ಗೊತ್ತಾಗುವುದಿಲ್ಲ, ಏಕೆಂದರೆ ನ್ಯೂಟ್ರಲ್ ಸ್ವಿಚ್ಚಿನಲ್ಲಿದ್ದರೂ ಒಂದೇ ಮಿನುಗುತ್ತದೆ, ಬಲ್ಬಿನ ಮೂಲಕ ಬಂದ ಫೇಸ್‌ನಿಂದ. ಈಗ ಸ್ವಿಚ್ ಆನ್ ಮಾಡಿ. ಎರಡೂ ಮಿನುಗಿದರೆ ಸ್ವಿಚ್ಚಿನಲ್ಲಿ ಫೇಸ್ ಇದೆ, ಸರಿ. ಬಲ್ಬ್ ಉರಿಯುತ್ತಿದ್ದು ಎರಡೂ ಕತ್ತಲಾದರೆ ಸ್ವಿಚ್ಚಿನಲ್ಲಿರುವುದು ನ್ಯೂಟ್ರಲ್. ಅಂದರೆ ಸ್ವಿಚ್ ಆಫ್ ಮಾಡಿ ಬಲ್ಬ್ ಬದಲಿಸುವಾಗ ಹೋಲ್ಡರಿನಲ್ಲಿ ಪೂರ್ತಿ ಫೇಸ್ ಕಾದಿರುತ್ತದೆ. ಇದನ್ನು ಈ ಬೋರ್ಡಿನಲ್ಲಿ ಸರಿಪಡಿಸಲಾಗುವುದಿಲ್ಲ ಎಂದಾದರೆ ಫೇಸ್-ನ್ಯೂಟ್ರಲ್ ಅದಲು ಬದಲಾದದ್ದು ಹಿಂದೆ ಎಲ್ಲೋ ಇದೆ, ಹುಡುಕಿಸಬೇಕು.

ಮೂರನೆಯದು ಬೋರ್ಡಿನಲ್ಲಿ ಸಾಕೆಟ್ ಇದ್ದರೆ. ಎಂಸಿಬಿ ಇಳಿಸಿ ಪ್ಲೇಟ್ ಪೂರ್ತಿ ಬಿಗಿದು, ಮತ್ತೆ ಏರಿಸಿ ಅಳೆಯಿರಿ. ಫೇಸ್-ನ್ಯೂಟ್ರಲ್ 230ರ ಆಸುಪಾಸು, ಫೇಸ್-ಅರ್ಥ್ ಹೆಚ್ಚುಕಡಿಮೆ ಅಷ್ಟೇ, ನ್ಯೂಟ್ರಲ್-ಅರ್ಥ್ ಎರಡು ಮೂರು ವೋಲ್ಟಿನೊಳಗೆ. ಇದು ಬಂತೆಂದು ಹಿಗ್ಗಬೇಡಿ. ಡಿಜಿಟಲ್ ಮೀಟರಿನ ಒಳಪ್ರತಿರೋಧ ಸಾಮಾನ್ಯವಾಗಿ 10 ಮೆಗಾಓಮ್, ಅಳೆಯುವಾಗ ಅದು ಎಳೆಯುವುದು 23 ಮೈಕ್ರೋಆಂಪಿಯರ್. ಒಂದೇ ಒಂದು ಎಳೆಯಲ್ಲಿ ನೇತಾಡುತ್ತಿರುವ ಅರ್ಥ್ ಕೂಡ ಅಷ್ಟನ್ನು ಹೊರುತ್ತದೆ, ಮೀಟರ್ 230 ತೋರಿಸುತ್ತದೆ. ಅದಕ್ಕೇ ಮೊದಲ ಪರೀಕ್ಷೆಯ ಓಮ್ ಲೆಕ್ಕ ಬೇಕು. ಅರ್ಥ್ ಗುಂಡಿಯ ಪ್ರತಿರೋಧ ತಿಳಿಯಲು ಮಲ್ಟಿಮೀಟರ್ ಸಾಲದು, ಅದಕ್ಕೆಂದೇ ಇರುವ ಅರ್ಥ್ ಟೆಸ್ಟರ್ ತರಿಸಬೇಕು. ಫೇಸ್‌ಗೂ ಅರ್ಥ್‌ಗೂ ನಡುವೆ ನೂರು ವಾಟ್ ಬಲ್ಬ್ ಕಟ್ಟಿ ನೋಡುವ ಹಳೆ ಚಾಳಿ ಬೇಡ. ಅರ್ಥ್ ಎಲ್ಲಾದರೂ ಕಳಚಿದ್ದರೆ ಆ ಬಲ್ಬಿನ ಮೂಲಕ ಮನೆಯ ಎಲ್ಲ ಲೋಹದ ಮೈಗಳಿಗೂ ನೀವೇ ಫೇಸ್ ಕೊಟ್ಟಂತಾಗುತ್ತದೆ.

ಕೊನೆಗೆ ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿ. ಅದು ಬೀಳಬೇಕು. ಬಿದ್ದರೆ ಆರ್‌ಸಿಸಿಬಿ ಬದುಕಿದೆ ಎಂದಷ್ಟೇ ಅರ್ಥ. ಆ ಬಟನ್ ತನ್ನೊಳಗಿನ ರೆಸಿಸ್ಟರಿನ ಮೂಲಕ ಸೋರಿಕೆಯನ್ನು ನಟಿಸುತ್ತದೆ, ನಿಮ್ಮ ಅರ್ಥ್ ವೈರನ್ನು ಮುಟ್ಟುವುದೇ ಇಲ್ಲ.

## ಆಮೇಲಿನ ದಿನಗಳಲ್ಲಿ ಕಾಣುವ ಸೂಚನೆಗಳು

ಆಫ್ ಮಾಡಿದರೂ ಎಲ್‌ಇಡಿ ಮಂದವಾಗಿ ಉರಿದರೆ ಕಾರಣ ಮೂರಿರಬಹುದು. ಸ್ವಿಚ್ಚಿನೊಳಗಿನ ಪುಟ್ಟ ಇಂಡಿಕೇಟರ್ ಮೂಲಕ ಹರಿಯುವ ಸಣ್ಣ ಕರೆಂಟ್, ಉದ್ದಕ್ಕೆ ಜೊತೆಯಾಗಿ ಸಾಗುವ ವೈರುಗಳ ನಡುವಿನ ಕೆಪಾಸಿಟೆನ್ಸ್ (ಒಂದರಿಂದ ಇನ್ನೊಂದಕ್ಕೆ ಮುಟ್ಟದೆಯೇ ದಾಟುವ ಸಣ್ಣ ಕರೆಂಟ್), ಅಥವಾ ನ್ಯೂಟ್ರಲ್ ಸ್ವಿಚ್ಚಿನಲ್ಲಿರುವುದು. ಮೊದಲೆರಡು ಕಿರಿಕಿರಿ, ಮೂರನೆಯದು ಅಪಾಯ. ಮೂರನೆಯದು ಹೌದೋ ಅಲ್ಲವೋ ಎಂದು ಒಂಬತ್ತನೇ ಹಂತದ ಟೆಸ್ಟರ್ ಪರೀಕ್ಷೆ ಹೇಳುತ್ತದೆ.

ಒತ್ತಿದಾಗಲೆಲ್ಲ ಚರ್ ಎನ್ನುವುದು, ದೀಪ ಕಣ್ಣು ಮಿಟುಕಿಸುವುದು, ಸುಟ್ಟ ಮೀನಿನಂಥ ವಾಸನೆ, ಪ್ಲೇಟಿನ ಮೇಲೆ ಕಂದು ನೆರಳು ಇವೆಲ್ಲ ಸಡಿಲ ಸ್ಕ್ರೂವಿನ ಗುರುತು. ಎಲ್‌ಇಡಿ ಬಲ್ಬ್ ಎಳೆಯುವ ಕರೆಂಟ್ ತೀರಾ ಕಡಿಮೆ, ಹಾಗಾಗಿ ಅದರ ಸ್ವಿಚ್ ಸಡಿಲವಿದ್ದರೂ ಬಿಸಿಯಾಗುವುದಿಲ್ಲ, ಮಿಟುಕಿಸುತ್ತದೆ ಅಷ್ಟೇ. ಬಿಸಿಯಾಗುವುದು ಲೂಪ್. ಅದೇ ಲೂಪಿನಿಂದ ಮುಂದಿನ ಸಾಕೆಟ್ಟಿಗೆ 5 ಆಂಪಿಯರ್ ಹೋಗುತ್ತಿದ್ದು, ಸಡಿಲ ಜಾಗದಲ್ಲಿ ಅರ್ಧ ಓಮ್ ಇದ್ದರೆ ಸಾಸಿವೆಯಷ್ಟು ಜಾಗದಲ್ಲಿ 12.5 ವಾಟ್ ಶಾಖ ಹುಟ್ಟುತ್ತದೆ. ಸಣ್ಣ ಬೆಸುಗೆ ಕಡ್ಡಿಯ ಶಾಖಕ್ಕೆ ಸಮ. ಆದ್ದರಿಂದ ಬೋರ್ಡ್ ಬೆಚ್ಚಗಿದ್ದರೆ ಹೊಸ ಸ್ವಿಚ್ಚನ್ನು ಬಯ್ಯುವ ಮೊದಲು ಲೂಪ್ ಇರುವ ಟರ್ಮಿನಲ್ ನೋಡಿ.

ಬೆಚ್ಚಗಾದ ತುದಿಯನ್ನು ಸುಮ್ಮನೆ ಮತ್ತೆ ಬಿಗಿದರೆ ಪ್ರಯೋಜನವಿಲ್ಲ. ಕಾದು ಕಪ್ಪಾದ ತಾಮ್ರದ ಮೇಲಿನ ಪದರ ಕರೆಂಟಿಗೆ ಅಡ್ಡಿಯಾಗಿಯೇ ಉಳಿಯುತ್ತದೆ, ಕಾದ ಟರ್ಮಿನಲ್ಲಿನ ಸ್ಕ್ರೂ ಮೊದಲಿನ ಬಿಗಿತ ಹಿಡಿಯುವುದಿಲ್ಲ. ವೈರಿನ ಕಪ್ಪಾದ ಭಾಗ ಕತ್ತರಿಸಿ, ಸ್ವಿಚ್ಚನ್ನು ಎಸೆದು, ಎರಡನೇ ಹಂತದಿಂದ ಮತ್ತೆ ಶುರುಮಾಡಿ.